ಲಂಡನ್‌ನಲ್ಲಿ ಏಳು ದಿನ, ನಾಲ್ಕು ಜನ, ಅಮ್ಮನಿಗೆ ಮಂಡಿ ನೋವು: ಓಡಾಟಕ್ಕೆ ಯಾವ ಕಾರ್ಡು, ಯಾವ ದಾರಿ?

ಸಂಪಿಗೆಮರ
ಎಲ್ಲರಿಗೂ ನಮಸ್ಕಾರ. ಗುರುವಾರ ಮಧ್ಯಾಹ್ನ ಹೀಥ್ರೋ 5ನೇ ಟರ್ಮಿನಲ್‌ನಲ್ಲಿ ಇಳಿಯುತ್ತೇವೆ, ಮುಂದಿನ ಗುರುವಾರ ಬೆಳಿಗ್ಗೆ ವಾಪಸ್. ನಾವಿಬ್ಬರು, 12 ವರ್ಷದ ಮಗ, 68 ವರ್ಷದ ಅಮ್ಮ. ಅಮ್ಮ ಸಮತಟ್ಟಾದ ಕಡೆ ಚೆನ್ನಾಗಿ ನಡೆಯುತ್ತಾರೆ, ಮೆಟ್ಟಿಲು ಮಾತ್ರ ಆಗುವುದಿಲ್ಲ. ರೂಮು ಪ್ಯಾಡಿಂಗ್ಟನ್ ಹತ್ತಿರ. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ, ವೆಸ್ಟ್‌ಮಿನ್‌ಸ್ಟರ್, ಬ್ರಿಟಿಷ್ ಮ್ಯೂಸಿಯಂ, ಟವರ್, ಗ್ರೀನಿಚ್ ಇಷ್ಟು ನೋಡಬೇಕು. ದುಡ್ಡು ತುಂಬಿಸಿ ಬಳಸುವ ಅಲ್ಲಿಯ ಆಯ್ಸ್ಟರ್ ಕಾರ್ಡ್ ನಾಲ್ಕು ಕೊಳ್ಳಬೇಕಾ, ಇಲ್ಲಿಂದ ಒಯ್ಯುವ ಫಾರೆಕ್ಸ್ ಕಾರ್ಡೇ ಸಾಕಾ? ಅಮ್ಮನಿಗೆ ಹಿರಿಯರ ರಿಯಾಯಿತಿ ಸಿಗುತ್ತದಾ? ಏರ್‌ಪೋರ್ಟಿನಿಂದ ರೂಮಿಗೆ ಹೇಗೆ ಹೋಗುವುದು?

ಹಳದಿ_ರೀಡರ್
ಮೂರು ದೊಡ್ಡವರಿಗೆ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ (ರೀಡರ್‌ಗೆ ಮುಟ್ಟಿಸಿದರೆ ಸಾಕಾಗುವ ಬ್ಯಾಂಕ್ ಅಥವಾ ಫಾರೆಕ್ಸ್ ಕಾರ್ಡ್) ಸಾಕು. ಆಯ್ಸ್ಟರ್‌ಗೂ ಇದಕ್ಕೂ ದೊಡ್ಡವರ ದರ ಒಂದೇ, ಆಯ್ಸ್ಟರ್ ಕೊಂಡರೆ ಕಾರ್ಡಿನ ಬೆಲೆ ಬೇರೆ ಕೊಡಬೇಕು, ಅದು ವಾಪಸ್ ಬರುವುದಿಲ್ಲ. ಮಗನಿಗೆ ಮಾತ್ರ ಆಯ್ಸ್ಟರ್ ಕೊಳ್ಳಿ. ಕಾರಣ: 11ರಿಂದ 15 ವರ್ಷದ ಮಕ್ಕಳಿಗೆ ‘ಯಂಗ್ ವಿಸಿಟರ್’ ರಿಯಾಯಿತಿ ಇದೆ, ಅರ್ಧ ದರ, 14 ದಿನದವರೆಗೆ. ಅದನ್ನು ಆಯ್ಸ್ಟರ್ ಕಾರ್ಡಿಗೆ ಮಾತ್ರ ಹಾಕಲು ಬರುತ್ತದೆ, ಬ್ಯಾಂಕ್ ಕಾರ್ಡಿಗೆ ಬರುವುದಿಲ್ಲ. ಮೆಷಿನ್ನಿನಲ್ಲಿ ಕಾರ್ಡ್ ಕೊಂಡ ತಕ್ಷಣ ಟ್ಯಾಪ್ ಮಾಡಬೇಡಿ. ಮೊದಲು ಸ್ಟೇಷನ್ ಸಿಬ್ಬಂದಿಯನ್ನು ಕರೆದು ರಿಯಾಯಿತಿ ಸೇರಿಸಿಕೊಡಿ ಎಂದು ಕೇಳಿ. ಮಗ ಪಕ್ಕದಲ್ಲೇ ಇರಬೇಕು.

ಅಮ್ಮನಿಗೆ ಪೂರ್ತಿ ದರ. ಹಿರಿಯರ ಉಚಿತ ಕಾರ್ಡ್ ಅಲ್ಲಿಯ ನಿವಾಸಿಗಳಿಗೆ ಮಾತ್ರ.

ಕೋಟೆಬೀದಿ
ಒಂದೇ ಫಾರೆಕ್ಸ್ ಕಾರ್ಡ್ ಒಯ್ದು ಮೂರು ಸಲ ಟ್ಯಾಪ್ ಮಾಡಿದರೆ ಆಯಿತಲ್ಲ? ಮೂರು ಕಾರ್ಡ್ ಯಾಕೆ?

ಹಳದಿ_ರೀಡರ್
ಆಗುವುದಿಲ್ಲ. ಟ್ಯೂಬ್‌ನಲ್ಲಿ (ಅಲ್ಲಿಯ ಮೆಟ್ರೋ) ಕಾರ್ಡ್ ಎಂದರೆ ಒಬ್ಬ ಪ್ರಯಾಣಿಕ. ಎಲ್ಲಿ ಒಳಗೆ ಬಂದಿರಿ, ಎಲ್ಲಿ ಹೊರಗೆ ಹೋದಿರಿ ಎಂದು ಜೋಡಿ ಹಾಕಿ ದರ ಲೆಕ್ಕ ಹಾಕುತ್ತದೆ. ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲು ನೋಡಿದರೆ ಎರಡನೆಯವರಿಗೆ ಗೇಟು ತೆರೆಯುವುದಿಲ್ಲ. ಒಂದೇ ಫಾರೆಕ್ಸ್ ಖಾತೆಗೆ ಹೆಚ್ಚುವರಿ ಕಾರ್ಡ್ ಕೊಟ್ಟಿದ್ದರೆ, ಅದರ ನಂಬರ್ ಬೇರೆ ಇದ್ದರೆ, ಆಗ ಅದು ಇನ್ನೊಬ್ಬರದ್ದು ಎಂದೇ ಲೆಕ್ಕ.

ಇನ್ನೊಂದು ಸೂಕ್ಷ್ಮ: ಅದೇ ಕಾರ್ಡನ್ನು ಫೋನಿಗೆ ಸೇರಿಸಿಕೊಂಡಿದ್ದರೆ ಫೋನ್ ಒಂದು, ಪ್ಲಾಸ್ಟಿಕ್ ಇನ್ನೊಂದು. ಬೆಳಿಗ್ಗೆ ಕಾರ್ಡಿನಲ್ಲಿ ಒಳಗೆ ಬಂದು ಫೋನಿನಲ್ಲಿ ಹೊರಗೆ ಹೋದರೆ ಎರಡೂ ಅರ್ಧಂಬರ್ಧ ಪ್ರಯಾಣವಾಗಿ ಎರಡಕ್ಕೂ ಗರಿಷ್ಠ ದರ ಬೀಳುತ್ತದೆ. ಯಾವುದನ್ನು ಹಿಡಿದಿರೋ ವಾರಪೂರ್ತಿ ಅದನ್ನೇ ಹಿಡಿಯಿರಿ.

ಶಾಲ್ಮಲಾ
ನಮ್ಮ ಕಡೆ ಕಾರ್ಡ್ ಇದ್ರ ಸಾಕು ಅಂತ ಹೊರಡಬ್ಯಾಡ್ರಿ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸಾ ಕಾರ್ಡು ದೇಶದೊಳಗ ಅಷ್ಟ ನಡೀತಾವ. ‘ಇಂಟರ್‌ನ್ಯಾಷನಲ್’ ಮತ್ತ ‘ಕಾಂಟ್ಯಾಕ್ಟ್‌ಲೆಸ್’ ಎರಡೂ ಬ್ಯಾಂಕ್ ಆ್ಯಪಿನ್ಯಾಗ ನಾವ ಹಚ್ಚಬೇಕು. ಒಂದು ಹಚ್ಚಿ ಇನ್ನೊಂದು ಮರೆತ್ರ ಗೇಟಿನ ಮುಂದ ಕೆಂಪು ದೀಪ. ಓಟಿಪಿ ಬರೂ ಸಿಮ್ ಇಲ್ಲೇ ಇದ್ದಾಗ ಮಾಡ್ಕೊಂಡು ಹೋಗ್ರಿ. ಮತ್ತ ರುಪೇ ಅಲ್ಲಿ ನಡಿಯೂದಿಲ್ಲ, ಯುಪಿಐನೂ ಇಲ್ಲ. ವೀಸಾ, ಮಾಸ್ಟರ್‌ಕಾರ್ಡ್, ಅಮೆಕ್ಸ್ ಬೇಕು. ನಮ್ಮ ಮೆಟ್ರೋದ ಎನ್‌ಸಿಎಂಸಿ ಕಾರ್ಡ್ ಮನ್ಯಾಗ ಇಟ್ಟ ಹೋಗ್ರಿ.

ಕೋಟೆಬೀದಿ
ಬಸ್ಸಿನಲ್ಲಿ ನಗದು ಕೊಡಬಹುದಲ್ಲ, ಕಾರ್ಡ್ ಕೈಕೊಟ್ಟರೆ?

ಥೇಮ್ಸ್_ತಿರುವು
ಇಲ್ಲ. 2014ರ ಜುಲೈಯಿಂದ ಲಂಡನ್ ಬಸ್ಸಿನಲ್ಲಿ ನಗದೇ ಇಲ್ಲ. ಡ್ರೈವರ್ ಹತ್ತಿರ ಚಿಲ್ಲರೆ ತೆಗೆದುಕೊಳ್ಳುವ ಏರ್ಪಾಡೇ ಇಲ್ಲ. ಕಾರ್ಡ್ ಕೈಕೊಡುವ ಭಯ ಇದ್ದರೆ ದೊಡ್ಡವರಲ್ಲಿ ಒಬ್ಬರಾದರೂ ಆಯ್ಸ್ಟರ್ ಇಟ್ಟುಕೊಳ್ಳಿ, ನಗದು ಕೊಟ್ಟು ತುಂಬಿಸಬಹುದು. ಇನ್ನೊಂದು ವಿಷಯ ಗೊತ್ತಿರಲಿ: ಟ್ಯಾಪ್ ಮಾಡಿದ ಕ್ಷಣ ಪೂರ್ತಿ ದುಡ್ಡು ಕಟ್ಟಾಗುವುದಿಲ್ಲ. ದಿನದ ಪ್ರಯಾಣವೆಲ್ಲ ಸೇರಿಸಿ ಒಂದೇ ಮೊತ್ತವಾಗಿ ಆಮೇಲೆ ಕಟ್ಟಾಗುತ್ತದೆ. ಆಗ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಬಾಕಿ ತೀರುವವರೆಗೆ ಆ ಕಾರ್ಡನ್ನು ಯಾವ ಗೇಟೂ ಒಪ್ಪುವುದಿಲ್ಲ. ಫಾರೆಕ್ಸ್ ಕಾರ್ಡಿನ ಪೌಂಡ್ ಜೇಬನ್ನು ಪೂರ್ತಿ ಖಾಲಿ ಮಾಡಬೇಡಿ.

ಅಂಕಿಗಣಿತ
ಇಷ್ಟೆಲ್ಲ ಟ್ಯಾಪ್ ತಲೆನೋವು ಯಾಕೆ? ಏಳು ದಿನದ ಟ್ರಾವೆಲ್‌ಕಾರ್ಡ್ ಎಂಬ ಪಾಸ್ ಕೊಂಡುಬಿಡಿ. ವಲಯ 1-2ಕ್ಕೆ (ನಗರದ ನಡುಭಾಗ) 2025ರ ದರ 44.70 ಪೌಂಡ್. ಒಂದು ಸಲ ಕೊಟ್ಟರೆ ಮುಗಿಯಿತು.

ಥೇಮ್ಸ್_ತಿರುವು
ಲೆಕ್ಕ ಹಾಕಿ ನೋಡೋಣ ಅಂಕಿಗಣಿತ ಅವರೇ, ಎಲ್ಲ 2025ರ ದರದಲ್ಲಿ. ವಲಯ 1-2ರ ದಿನದ ಮಿತಿ 8.90. ದಿನಕ್ಕೆ ಎಷ್ಟು ಸಲ ಓಡಾಡಿದರೂ ಅದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಬರೀ ಬಸ್ಸಿನಲ್ಲಿ ಓಡಾಡಿದ ದಿನದ ಮಿತಿ 5.25, ಅಂದರೆ 1.75ರ ಮೂರು ಟಿಕೆಟ್. ಶುಕ್ರವಾರದಿಂದ ಬುಧವಾರದವರೆಗೆ ಆರು ದಿನ. ಮೂರು ದಿನ ಟ್ಯೂಬ್, ಮೂರು ದಿನ ಬಸ್ ಎಂದಿಟ್ಟುಕೊಂಡರೆ 26.70ಕ್ಕೆ 15.75 ಸೇರಿ 42.45. ಅದೂ ಎಲ್ಲ ದಿನ ಮಿತಿ ಮುಟ್ಟಿದರೆ. ಮಂಡಿ ನೋವಿನ ಅಮ್ಮನ ಜೊತೆ ಹೋದವರು ಮಿತಿ ಮುಟ್ಟುವುದು ಅಪರೂಪ. ಗುರುವಾರದ ಏರ್‌ಪೋರ್ಟ್ ಪ್ರಯಾಣಕ್ಕೆ ವಲಯ 1-2ರ ಕಾರ್ಡ್ ಸಾಲುವುದೂ ಇಲ್ಲ, ಹೀಥ್ರೋ ಇರುವುದು 6ನೇ ವಲಯದಲ್ಲಿ.

ಅಂಕಿಗಣಿತ
ಆರೂ ದಿನ ಟ್ಯೂಬ್ ಹತ್ತಿದರೆ? 53.40 ಆಗುತ್ತದೆ. ಆಗ ನನ್ನ ಮಾತೇ ಸರಿ.

ಥೇಮ್ಸ್_ತಿರುವು
ಆರೂ ದಿನ ಮಿತಿ ಮುಟ್ಟುವಷ್ಟು ಹತ್ತಿದರೆ ನಿಮ್ಮ ಮಾತು ಸರಿ, ಒಪ್ಪುತ್ತೇನೆ. ಅದಕ್ಕೆ ಕಾರಣವೂ ಹೇಳಿಬಿಡುತ್ತೇನೆ, ಬಹಳ ಜನ ಎಡವುವುದು ಇಲ್ಲೇ. ಟ್ಯಾಪ್ ಮಾಡುವವರಿಗೆ ವಾರದ ಮಿತಿಯೂ ಇದೆ, ಆದರೆ ಅದು ಸೋಮವಾರದಿಂದ ಭಾನುವಾರಕ್ಕೆ. ಇವರ ಪ್ರವಾಸ ವಾರಾಂತ್ಯದಲ್ಲಿ ಎರಡು ತುಂಡಾಗುತ್ತದೆ, ಹಾಗಾಗಿ ಎರಡೂ ವಾರದಲ್ಲಿ ಮಿತಿ ಮುಟ್ಟುವುದಿಲ್ಲ. ಟ್ರಾವೆಲ್‌ಕಾರ್ಡ್ ಮಾತ್ರ ಯಾವ ದಿನದಿಂದಲೂ ಏಳು ದಿನ. ಸೋಮವಾರ ಇಳಿಯುವವರು ಈ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಅಂದಹಾಗೆ ‘ದಿನ’ ಎಂದರೆ ಬೆಳಗಿನ ಜಾವ 4:30ರಿಂದ ಮರುದಿನ 4:29ರವರೆಗೆ.

ಸಂಪಿಗೆಮರ
ತುಂಬ ಉಪಕಾರ. ಹಾಗಾದರೆ ಮೂರು ಕಾರ್ಡ್, ಒಂದು ಆಯ್ಸ್ಟರ್. ಏರ್‌ಪೋರ್ಟಿನಿಂದ? ಪಿಕಾಡಿಲಿ ಲೈನ್ ಅಗ್ಗ ಎಂದು ಎಲ್ಲರೂ ಹೇಳುತ್ತಾರೆ.

ಕಡಲಮಗ
ಪಿಕಾಡಿಲಿ ಅಗ್ಗ ಹೌದು ಮಾರಾಯ್ರೆ, 2025ರಲ್ಲಿ 5.80. ಆದರೆ ಅದು ಪ್ಯಾಡಿಂಗ್ಟನ್‌ಗೆ ಹೋಗುವುದೇ ಇಲ್ಲ. ಮಧ್ಯ ಇಳಿದು ಬದಲಿಸಬೇಕು, ಸೂಟ್‌ಕೇಸ್ ಹಿಡಿದು, ಅಮ್ಮನನ್ನೂ ಕರ್ಕೊಂಡು. ನಿಮಗೆ ಎಲಿಝಬೆತ್ ಲೈನೇ ಸರಿ, ನೇರ ಪ್ಯಾಡಿಂಗ್ಟನ್, ಸುಮಾರು ಅರ್ಧ ಗಂಟೆ, 2025ರಲ್ಲಿ 13.90. ಆ ಲೈನಿನ ಎಲ್ಲ ಸ್ಟೇಷನ್ನಿನಲ್ಲೂ ರಸ್ತೆಯಿಂದ ಪ್ಲಾಟ್‌ಫಾರ್ಮ್‌ವರೆಗೆ ಮೆಟ್ಟಿಲಿಲ್ಲದ ದಾರಿ ಉಂಟು. ಆ ಹೆಚ್ಚಿನ ಎಂಟು ಪೌಂಡ್ ಕೊಡುವುದು ಅಮ್ಮನ ಮಂಡಿಗೆ.

ಎಚ್ಚರ ಎಂತದಕ್ಕೆ ಗೊತ್ತುಂಟಾ? ಹೀಥ್ರೋ ಎಕ್ಸ್‌ಪ್ರೆಸ್ ಕೂಡ ಪ್ಯಾಡಿಂಗ್ಟನ್‌ಗೇ ಹೋಗುವುದು, ಅದೇ ಜಾಗದಿಂದ ಹೊರಡುವುದು. ಆ ದಿನ ಕೊಂಡರೆ ಒಬ್ಬರಿಗೆ 25 ಪೌಂಡಿನ ಆಸುಪಾಸು. ಬೋರ್ಡಿನಲ್ಲಿ ರೈಲಿನ ಹೆಸರು ಓದದೆ ಮೊದಲು ಬಂದದ್ದಕ್ಕೆ ಹತ್ತಿದರೆ ಆ ದರವೇ. 5ನೇ ಟರ್ಮಿನಲ್‌ಗೆ ಎಲಿಝಬೆತ್ ರೈಲು ಗಂಟೆಗೆ ಎರಡೇ ಬರುವುದು, ಆದ ಕಾರಣ ಕಾಯುವ ಬೇಸರಕ್ಕೆ ಜನ ಇದಕ್ಕೆ ಹತ್ತುತ್ತಾರೆ. ತಾಳ್ಮೆ ಇರಲಿ.

ಹಳದಿ_ರೀಡರ್
ಒಂದು ಸೇರಿಸುತ್ತೇನೆ. ಹೀಥ್ರೋದಿಂದ ನಗರದ ನಡುವಿಗೆ ದಟ್ಟಣೆ ಹೊತ್ತಾಗಲಿ ಅಲ್ಲದ ಹೊತ್ತಾಗಲಿ ಒಂದೇ ದರ. ಸಂಜೆ ಏಳರವರೆಗೆ ಕಾದು ಹೋದರೆ ಉಳಿಯುತ್ತದೆ ಎಂದುಕೊಳ್ಳಬೇಡಿ. ನಗರದೊಳಗೆ ಬೇರೆ, ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 6:30ರಿಂದ 9:30, ಸಂಜೆ 4ರಿಂದ 7 ದಟ್ಟಣೆ ಹೊತ್ತು. ಬೆಳಿಗ್ಗೆ 9:30 ದಾಟಿ ಹೊರಟರೆ ದರವೂ ಕಡಿಮೆ, ಅಮ್ಮನಿಗೆ ಕೂರಲು ಜಾಗವೂ ಸಿಗುತ್ತದೆ.

ಸಂಪಿಗೆಮರ
ಬಸವಣ್ಣನ ಪ್ರತಿಮೆಗೆ ಟ್ಯೂಬ್‌ನಲ್ಲಿ ಲ್ಯಾಂಬೆತ್ ನಾರ್ತ್ ಸ್ಟೇಷನ್ ಎಂದು ಯಾರೋ ಬರೆದಿದ್ದರು.

ಥೇಮ್ಸ್_ತಿರುವು
ಬೇಡ. ನಿಮಗಂತೂ ಟ್ಯೂಬೇ ಬೇಡ. ಪ್ಯಾಡಿಂಗ್ಟನ್‌ನಿಂದ 36ನೇ ನಂಬರ್ ಬಸ್ ಹತ್ತಿ. ಮಾರ್ಬಲ್ ಆರ್ಚ್, ಪಾರ್ಕ್ ಲೇನ್, ಹೈಡ್ ಪಾರ್ಕ್ ಕಾರ್ನರ್, ವಿಕ್ಟೋರಿಯಾ ಎಲ್ಲ ತೋರಿಸಿಕೊಂಡು ವಾಕ್ಸ್‌ಹಾಲ್‌ಗೆ ತಂದು ಬಿಡುತ್ತದೆ. 2025ರ ದರದಲ್ಲಿ 1.75 ಪೌಂಡ್, ಒಂದೇ ಬಸ್, ಒಂದು ಮೆಟ್ಟಿಲೂ ಇಲ್ಲ. ವಾಕ್ಸ್‌ಹಾಲ್‌ನಲ್ಲಿ ಇಳಿದು ನದಿಯನ್ನು ಎಡಗಡೆ ಇಟ್ಟುಕೊಂಡು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಹಿಡಿದು ನಡೆಯಿರಿ. ಹತ್ತು ಹನ್ನೆರಡು ನಿಮಿಷ, ಸಮತಟ್ಟು. ಲ್ಯಾಂಬೆತ್ ಸೇತುವೆಗೆ ಸ್ವಲ್ಪ ಮುಂಚೆ ಸಿಗುತ್ತದೆ. 2015ರ ನವೆಂಬರ್ 14ರಂದು ಅನಾವರಣ ಆದದ್ದು. ಅಲ್ಲಿಂದ ಹಾಗೇ ದಂಡೆ ಹಿಡಿದು ಮುಂದೆ ಹೋದರೆ ಲ್ಯಾಂಬೆತ್ ಅರಮನೆ, ಸೇಂಟ್ ಥಾಮಸ್ ಆಸ್ಪತ್ರೆ, ಆಮೇಲೆ ವೆಸ್ಟ್‌ಮಿನ್‌ಸ್ಟರ್ ಸೇತುವೆ. ಎದುರು ದಂಡೆಯಲ್ಲಿ ಪಾರ್ಲಿಮೆಂಟು ಪೂರ್ತಿ ಕಾಣುವ ದಾರಿ ಅದು. ಬಸವಣ್ಣ, ವೆಸ್ಟ್‌ಮಿನ್‌ಸ್ಟರ್ ಎರಡೂ ಒಂದೇ ದಿನ ಇಟ್ಟುಕೊಳ್ಳಿ.

ಮೈಸೂರುಪಾಕ
36 ಒಳ್ಳೇ ಸಲಹೆ ಸಾರ್. ಮೇಲಿನ ಅಂತಸ್ತಿನ ಮುಂದಿನ ಸೀಟು ಮಗನಿಗೆ, ಅಮ್ಮ ಕೆಳಗೇ ಕೂರಲಿ. ಬಸ್ ಚಲಿಸುವಾಗ ಆ ಮೆಟ್ಟಿಲು ಹತ್ತಿಳಿಯೋದು ಅವರಿಗೆ ಖಂಡಿತ ಬೇಡ.

ಹಳದಿ_ರೀಡರ್
ಬಸ್ಸಿನ ಬಗ್ಗೆ ಮೂರು ವಿಷಯ. ಹತ್ತುವಾಗ ಮಾತ್ರ ಟ್ಯಾಪ್, ಇಳಿಯುವಾಗ ಬೇಡ. ಮೊದಲ ಟ್ಯಾಪಿನಿಂದ ಒಂದು ಗಂಟೆಯೊಳಗೆ ಹತ್ತಿದ ಬೇರೆ ಬಸ್ಸುಗಳೆಲ್ಲ ಅದೇ ಒಂದು ಟಿಕೆಟ್ಟಿನ ದುಡ್ಡಿನಲ್ಲೇ, ಅದೇ ಕಾರ್ಡ್ ಟ್ಯಾಪ್ ಮಾಡಿದರೆ. ಕೊನೆಯ ಬಸ್ ಹತ್ತುವುದು ಗಂಟೆಯೊಳಗಿದ್ದರೆ ಸಾಕು, ಇಳಿಯುವುದು ಯಾವಾಗಲಾದರೂ ಆಗಲಿ. ಹಾಗಾಗಿ ಒಂದು ಸ್ಟಾಪ್ ಮುಂಚೆ ಇಳಿದು ಕಾಫಿ ಕುಡಿದು ಮತ್ತೆ ಹತ್ತಿದರೂ ನಷ್ಟ ಇಲ್ಲ.

ಮೂರನೆಯದು ಸ್ಟಾಪಿನ ಅಕ್ಷರ. ದೊಡ್ಡ ಜಂಕ್ಷನ್‌ನಲ್ಲಿ ಒಂದೇ ಹೆಸರಿನ ಆರೇಳು ಸ್ಟಾಪ್ ಇರುತ್ತವೆ. ಕಂಬದ ಮೇಲೆ ಕೆಂಪು ವೃತ್ತದಲ್ಲಿ ಕೆ, ಎಲ್, ಎಂ ಹೀಗೆ ಅಕ್ಷರ ಬರೆದಿರುತ್ತದೆ. ಮ್ಯಾಪ್ ‘ಸ್ಟಾಪ್ ಕೆ’ ಎಂದರೆ ಕೆ ಕಂಬದ ಕೆಳಗೇ ನಿಲ್ಲಬೇಕು. ರಸ್ತೆಯ ಆಚೆ ನಿಂತವರು ಊರಿನ ವಿರುದ್ಧ ದಿಕ್ಕಿಗೆ ಹೋಗುತ್ತಾರೆ.

ಕೋಟೆಬೀದಿ
ಇಷ್ಟು ಬಸ್ಸು ಬಸ್ಸು ಎನ್ನುತ್ತೀರಿ, ಆದರೆ ಲಂಡನ್ ಟ್ರಾಫಿಕ್‌ನಲ್ಲಿ ಬಸ್ ತೆವಳುತ್ತದೆ. ಟ್ಯೂಬ್ ಎಷ್ಟೋ ಬೇಗ.

ಶಾಲ್ಮಲಾ
ದೂರ ಇದ್ರ ಟ್ಯೂಬ್ ಬೇಗ ಖರೆ. ಹತ್ತಿರ ಇದ್ರ ಅಲ್ರೀ. ಟ್ಯೂಬಿನ ನಕಾಶೆ 1933ರಾಗ ಹ್ಯಾರಿ ಬೆಕ್ ಹಾಕಿಕೊಟ್ಟ ಮಾದರಿ, ಅದರಾಗ ದೂರದ ಅಳತಿ ಇಲ್ಲ. ಲೆಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್ ನೋಡ್ರಿ, ನಡುವ ಬರೇ ಸುಮಾರು 260 ಮೀಟರ್. ಕೆಳಗ ಇಳಿದು ರೈಲು ಹಿಡಿದು, ಕಾವೆಂಟ್ ಗಾರ್ಡನ್‌ದಾಗ ಲಿಫ್ಟಿಗೆ ಸಾಲು ನಿಂತು ಮ್ಯಾಲ ಬರೂದ್ರಾಗ ನಡಕೊಂಡು ಹೋದವ್ರು ಚಾ ಕುಡಿದು ಮುಗಿಸಿರ್ತಾರ. ಲಿಫ್ಟ್ ಬಿಟ್ಟು ಮೆಟ್ಟಿಲ ಹಿಡಿದ್ರ 193 ಅವ. ಅಮ್ಮಾವ್ರು ಆ ಸ್ಟೇಷನ್ನಿಗೆ ಹೋಗೂದ ಬ್ಯಾಡ. ಚಾರಿಂಗ್ ಕ್ರಾಸ್ ಮತ್ತ ಎಂಬ್ಯಾಂಕ್‌ಮೆಂಟ್ ನಡುವನೂ ಅಷ್ಟ, ನಡೀರಿ.

ಕಡಲಮಗ
ನಕ್ಷೆಯಲ್ಲಿ ಗಾಲಿಕುರ್ಚಿ ಗುರುತು ನೋಡಿ. ನೀಲಿ ಇದ್ದರೆ ರಸ್ತೆಯಿಂದ ರೈಲಿನವರೆಗೆ ಸಲೀಸು, ಬಿಳಿ ಇದ್ದರೆ ಪ್ಲಾಟ್‌ಫಾರ್ಮ್‌ವರೆಗೆ, ರೈಲಿಗೆ ಹತ್ತುವಾಗ ಅಂತರವೋ ಎತ್ತರವೋ ಉಂಟು. ಗುರುತೇ ಇಲ್ಲದಿದ್ದರೆ ಮೆಟ್ಟಿಲು ಉಂಟು ಎಂದೇ ತಿಳಿಯಿರಿ. ವೆಸ್ಟ್‌ಮಿನ್‌ಸ್ಟರ್‌ಗೆ ಟ್ಯೂಬ್‌ನಲ್ಲೇ ಹೋಗುವುದಾದರೆ ಪ್ಯಾಡಿಂಗ್ಟನ್‌ನಿಂದ ಎಲಿಝಬೆತ್‌ನಲ್ಲಿ ಬಾಂಡ್ ಸ್ಟ್ರೀಟ್, ಅಲ್ಲಿ ಜುಬಿಲಿ ಲೈನಿಗೆ ಬದಲಿಸಿ ಎರಡನೇ ಸ್ಟೇಷನ್. ಎಲ್ಲ ಕಡೆ ಲಿಫ್ಟ್ ಉಂಟು. ಲಿಫ್ಟ್ ಕೆಟ್ಟಿರುವುದೂ ಇರುತ್ತದೆ, ಹೊರಡುವ ಮೊದಲು ಟಿಎಫ್‌ಎಲ್ (ಲಂಡನ್ ಸಾರಿಗೆ ಸಂಸ್ಥೆ) ಆ್ಯಪಿನಲ್ಲಿ ನೋಡಿಕೊಳ್ಳಿ.

ಮೈಸೂರುಪಾಕ
ಬ್ರಿಟಿಷ್ ಮ್ಯೂಸಿಯಂಗೂ ಎಲಿಝಬೆತ್ತೇ. ಟಾಟನ್‌ಹ್ಯಾಮ್ ಕೋರ್ಟ್ ರೋಡ್‌ನಲ್ಲಿ ಇಳಿಯಿರಿ. ಆದರೆ ಆ ರೈಲು 200 ಮೀಟರ್‌ಗೂ ಉದ್ದ, ಎರಡು ತುದಿಗೆ ಎರಡು ದಾರಿ. ಡೀನ್ ಸ್ಟ್ರೀಟ್ ಬೋರ್ಡ್ ಹಿಡಿದು ಹೋದರೆ ಮ್ಯೂಸಿಯಂಗೆ ದೂರವಾಗಿ ಸೋಹೋ ಕಡೆ ಮೇಲೆ ಬರ್ತೀರಿ. ಇನ್ನೊಂದು ತುದಿಯಿಂದ ಬನ್ನಿ. ಲಿವರ್‌ಪೂಲ್ ಸ್ಟ್ರೀಟ್‌ನಲ್ಲೂ ಹೀಗೇ, ತಪ್ಪು ತುದಿ ಹಿಡಿದರೆ ಮೂರ್‌ಗೇಟ್‌ನಲ್ಲಿ ಇರ್ತೀರಿ.

ಸಂಪಿಗೆಮರ
ಪ್ಯಾಡಿಂಗ್ಟನ್ ಸ್ಟೇಷನ್ನಿನಲ್ಲಿ ಸರ್ಕಲ್ ಲೈನ್ ಎರಡು ಕಡೆ ಕಾಣಿಸುತ್ತದಲ್ಲ, ಯಾವುದು ಸರಿ?

ಹಳದಿ_ರೀಡರ್
ಎರಡೂ ಸರಿ, ದಿಕ್ಕು ಬೇರೆ. 2009ರ ಡಿಸೆಂಬರ್‌ನಿಂದ ಸರ್ಕಲ್ ಲೈನ್ ವೃತ್ತವಾಗಿ ಸುತ್ತುವುದಿಲ್ಲ. ಹ್ಯಾಮರ್‌ಸ್ಮಿತ್‌ನಿಂದ ಬಂದು ಒಂದು ಸುತ್ತು ಹಾಕಿ ಎಜ್‌ವೇರ್ ರೋಡ್‌ನಲ್ಲಿ ಕೊನೆಯಾಗುತ್ತದೆ. ಪ್ಯಾಡಿಂಗ್ಟನ್ ಆ ದಾರಿಯಲ್ಲಿ ಎರಡು ಸಲ ಬರುತ್ತದೆ. ಕಾಲುವೆ ಕಡೆಯ ತುದಿಯ ಪ್ಲಾಟ್‌ಫಾರ್ಮ್‌ನಿಂದ ಬೇಕರ್ ಸ್ಟ್ರೀಟ್, ಕಿಂಗ್ಸ್ ಕ್ರಾಸ್. ಪ್ರೇಡ್ ಸ್ಟ್ರೀಟ್ ಕಡೆಯದರಿಂದ ನಾಟಿಂಗ್ ಹಿಲ್, ಸೌತ್ ಕೆನ್ಸಿಂಗ್ಟನ್. ಒಂದರಿಂದ ಇನ್ನೊಂದಕ್ಕೆ ಇಡೀ ರೈಲ್ವೆ ಸ್ಟೇಷನ್ ದಾಟಬೇಕು. ಅಮ್ಮನಿಗೆ ಕಾಲುವೆ ಕಡೆಯದೇ ಒಳ್ಳೆಯದು, ಅಲ್ಲಿ ಲಿಫ್ಟ್ ಇದೆ.

ಕವಲಿರುವ ಲೈನ್‌ಗಳಲ್ಲಿ ರೈಲಿನ ಮುಂದಿನ ಬೋರ್ಡ್ ಓದಿಯೇ ಹತ್ತಬೇಕು. ಡಿಸ್ಟ್ರಿಕ್ಟ್ ಲೈನ್ ಪಶ್ಚಿಮದಲ್ಲಿ ವಿಂಬಲ್ಡನ್, ರಿಚ್‌ಮಂಡ್, ಈಲಿಂಗ್ ಎಂದು ಒಡೆಯುತ್ತದೆ. ನಾರ್ದರ್ನ್ ಲೈನ್ ನಡುವೆ ಬ್ಯಾಂಕ್ ಮೂಲಕ ಒಂದು, ಚಾರಿಂಗ್ ಕ್ರಾಸ್ ಮೂಲಕ ಒಂದು.

ಶಾಲ್ಮಲಾ
ನಡುವ ಒಂದ ಮಾತು, ಊಟದ್ದು ಯಾರೂ ಹೇಳವಲ್ರಿ. ಅಮ್ಮಾವ್ರಿಗೆ ಇಡ್ಲಿ, ದ್ವಾಸಿ ಬೇಕನಿಸಿದ್ರ ಈಸ್ಟ್ ಹ್ಯಾಮ್‌ಗೆ ಹೋಗ್ರಿ. ಪ್ಯಾಡಿಂಗ್ಟನ್‌ನಿಂದ ಅದ ಕಾಲುವಿ ಕಡೆ ಪ್ಲಾಟ್‌ಫಾರ್ಮಿನಿಂದ ಹ್ಯಾಮರ್‌ಸ್ಮಿತ್ ಅಂಡ್ ಸಿಟಿ ಲೈನ್, ಬದಲಿ ಮಾಡೂದಿಲ್ಲ, ಮುಕ್ಕಾಲು ತಾಸು. ಹೈ ಸ್ಟ್ರೀಟ್ ನಾರ್ತ್ ತುಂಬ ದಕ್ಷಿಣದ ಹೋಟೆಲ್ ಅವ.

ಕೋಟೆಬೀದಿ
ದೋಸೆಗೆ ಮುಕ್ಕಾಲು ಗಂಟೆ ಯಾಕ್ರೀ? ಸೌತಾಲ್ ಎಲಿಝಬೆತ್ ಲೈನಿನಲ್ಲೇ ಇದೆ, ಹತ್ತಿರ. ಸ್ಟೇಷನ್ ಬೋರ್ಡ್ ಮೇಲೆ ಪಂಜಾಬಿಯಲ್ಲೂ ಹೆಸರಿದೆ.

ಶಾಲ್ಮಲಾ
ಅಲ್ಲಿ ಸಿಗೂದು ಪಂಜಾಬಿ ಊಟ. ಚಲೋ ಇರ್ತದ, ಆದ್ರ ಕೇಳಿದ್ದು ಇಡ್ಲಿ.

ಮೈಸೂರುಪಾಕ
ವೈಟ್‌ಚಾಪೆಲ್ ಸ್ಟೇಷನ್ನಿನಲ್ಲಿ ಬಂಗಾಳಿ ಬೋರ್ಡ್ ಇದೆ, 2022ರಿಂದ. ಕನ್ನಡದ್ದೂ ಒಂದು ಬರಲಿ ಅನ್ನೋ ಆಸೆ.

ಥೇಮ್ಸ್_ತಿರುವು
ಗ್ರೀನಿಚ್ ಉಳಿಯಿತು. ಎಲಿಝಬೆತ್‌ನಲ್ಲಿ ಕೆನರಿ ವಾರ್ಫ್, ಹೊರಗೆ ಬಂದು ಐದಾರು ನಿಮಿಷ ನಡೆದು ಅದೇ ಹೆಸರಿನ ಡಿಎಲ್‌ಆರ್ (ಅಲ್ಲಿಯ ಲಘು ರೈಲು) ಸ್ಟೇಷನ್, ಲೂಯಿಶಮ್ ಬೋರ್ಡಿನ ರೈಲು, ಕಟ್ಟಿ ಸಾರ್ಕ್‌ನಲ್ಲಿ ಇಳಿಯುವುದು. ಡಿಎಲ್‌ಆರ್‌ನಲ್ಲಿ ಮುಂದೆ ಡ್ರೈವರ್ ಕ್ಯಾಬಿನ್ ಇಲ್ಲ, ಮೊದಲ ಸೀಟಿನಲ್ಲಿ ಮಗನನ್ನು ಕೂರಿಸಿ, ಅವನ ಇಡೀ ಪ್ರವಾಸಕ್ಕೆ ಅದೊಂದೇ ಸಾಕು.

ಡಿಎಲ್‌ಆರ್‌ನ ಬಹಳ ಸ್ಟೇಷನ್‌ಗಳಲ್ಲಿ ಗೇಟಿಲ್ಲ, ಕಂಬದ ಮೇಲೆ ಹಳದಿ ರೀಡರ್ ಮಾತ್ರ. ಗೇಟಿಲ್ಲ ಎಂದು ಹಾಗೇ ನಡೆದು ಹೋದರೆ ಪ್ರಯಾಣ ಮುಗಿದದ್ದು ದಾಖಲಾಗದೆ ಗರಿಷ್ಠ ದರ ಬೀಳುತ್ತದೆ. ಹತ್ತುವ ಮುಂಚೆ ಒಮ್ಮೆ, ಇಳಿದ ಮೇಲೆ ಒಮ್ಮೆ, ನಾಲ್ಕೂ ಜನ.

ಗ್ರೀನಿಚ್‌ನ ಖಗೋಳ ವೀಕ್ಷಣಾಲಯ ಗುಡ್ಡದ ಮೇಲಿದೆ. ನದಿ ಕಡೆಯಿಂದ ಏರು ಕಡಿದು. ಬ್ಲ್ಯಾಕ್‌ಹೀತ್ ಕಡೆಯ ಗೇಟಿನಿಂದ ಬಂದರೆ ಸಮತಟ್ಟು, ಅಮ್ಮನ ಜೊತೆ ಒಬ್ಬರು ಆ ಕಡೆಗೆ ಬ್ಲ್ಯಾಕ್ ಕ್ಯಾಬ್ (ಅಲ್ಲಿಯ ಟ್ಯಾಕ್ಸಿ) ಹಿಡಿಯಿರಿ. ಕಿತ್ತಳೆ ದೀಪ ಉರಿಯುತ್ತಿದ್ದರೆ ಖಾಲಿ ಇದೆ ಎಂದರ್ಥ, ಕೈ ತೋರಿಸಿದರೆ ನಿಲ್ಲುತ್ತದೆ, ಕಾರ್ಡ್ ತೆಗೆದುಕೊಳ್ಳುತ್ತಾರೆ.

ವಾಪಸ್ ದೋಣಿಯಲ್ಲಿ ಬರಬಹುದು, ಅದೇ ಕಾರ್ಡ್ ನಡೆಯುತ್ತದೆ. ಆದರೆ ದೋಣಿಯ ದರ ದಿನದ ಮಿತಿಯೊಳಗೆ ಬರುವುದಿಲ್ಲ, ಬೇರೆಯೇ ಕಟ್ಟಾಗುತ್ತದೆ. ಹೀಥ್ರೋ ಎಕ್ಸ್‌ಪ್ರೆಸ್, ಗ್ರೀನಿಚ್ ಕಡೆಯ ಕೇಬಲ್ ಕಾರ್ ಕೂಡ ಹಾಗೇ.

ಅಂಕಿಗಣಿತ
ಟವರ್‌ಗೆ ಟ್ರಫಾಲ್ಗರ್ ಚೌಕದ ಹತ್ತಿರದಿಂದ 15ನೇ ನಂಬರ್ ಬಸ್, ದಾರಿಯಲ್ಲಿ ಸೇಂಟ್ ಪಾಲ್ಸ್ ಬರುತ್ತದೆ. ಲಂಡನ್ ಬ್ರಿಡ್ಜ್ ಸ್ಟೇಷನ್ನಿಗೆ ಹೋಗಬೇಡಿ. ಚಿತ್ರದಲ್ಲಿ ನೋಡುವ ಎರಡು ಗೋಪುರದ ಸೇತುವೆ ಟವರ್ ಬ್ರಿಡ್ಜ್, ಅದಕ್ಕೆ ಸ್ಟೇಷನ್ ಟವರ್ ಹಿಲ್.

ಕಡಲಮಗ
ಶನಿವಾರ ಭಾನುವಾರ ಹಳಿ ದುರಸ್ತಿಗೆ ಲೈನ್ ಮುಚ್ಚುವುದು ಅಲ್ಲಿ ಮಾಮೂಲು. ಶುಕ್ರವಾರ ರಾತ್ರಿಯೇ ನೋಡಿಕೊಂಡು ವಾರಾಂತ್ಯವನ್ನು ಬಸ್ ದಿನ ಮಾಡಿಕೊಳ್ಳಿ. ಎಸ್ಕಲೇಟರ್‌ನಲ್ಲಿ ಬಲಗಡೆ ನಿಲ್ಲುವುದು, ಎಡ ಬಿಡುವುದು. ಬಸ್ ಸ್ಟಾಪಿನಲ್ಲಿ ಫೋನ್ ನೋಡುವಾಗ ರಸ್ತೆ ಅಂಚಿನಿಂದ ಹಿಂದೆ ನಿಲ್ಲಿ, ಬೈಕಿನಲ್ಲಿ ಬಂದು ಕಸಿದು ಹೋಗುವವರಿದ್ದಾರೆ.

ಮಗನಿಗೆ ಮೊದಲೇ ಹೇಳಿ ಇಡಿ: ಬಾಗಿಲು ಮುಚ್ಚಿ ಬೇರೆಯಾದರೆ ರೈಲಿನೊಳಗಿದ್ದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಪ್ಲಾಟ್‌ಫಾರ್ಮ್‌ನಲ್ಲೇ ನಿಲ್ಲಬೇಕು. ಹಿಂದಿನವರು ಮುಂದಿನ ರೈಲಿನಲ್ಲಿ ಬರುತ್ತಾರೆ. ಯಾರೂ ವಾಪಸ್ ಹೋಗಬಾರದು, ಹೋದರೆ ಇಬ್ಬರೂ ದಾರಿಯಲ್ಲಿ ತಪ್ಪಿಸಿಕೊಳ್ಳುವುದು.

ಸಂಪಿಗೆಮರ
ಇದನ್ನು ಅಮ್ಮನಿಗೂ ಹೇಳುತ್ತೇನೆ. ಕೊನೆಯದೊಂದು: ಮಗನ ಆಯ್ಸ್ಟರ್‌ನಲ್ಲಿ ಉಳಿದ ದುಡ್ಡು?

ಹಳದಿ_ರೀಡರ್
ಹತ್ತು ಪೌಂಡ್ ಅಥವಾ ಅದಕ್ಕಿಂತ ಕಡಿಮೆ ಉಳಿದಿದ್ದರೆ ಟ್ಯೂಬ್ ಸ್ಟೇಷನ್ನಿನ ಟಿಕೆಟ್ ಮೆಷಿನ್ನಿನಲ್ಲೇ ವಾಪಸ್ ಪಡೆಯಬಹುದು. ಗುರುವಾರ ಬೆಳಿಗ್ಗೆ ಏರ್‌ಪೋರ್ಟಿಗೆ ಅದೇ ಕಾರ್ಡ್ ಬೇಕು, ಆದ್ದರಿಂದ ಹೀಥ್ರೋದಲ್ಲಿ ಟ್ಯಾಪ್ ಮಾಡಿ ಹೊರಬಂದ ಮೇಲೆ ಮಾಡಿ. ವಾಪಸ್ ಪಡೆಯದಿದ್ದರೂ ಉಳಿದ ದುಡ್ಡಿಗೆ ಅವಧಿ ಇಲ್ಲ. 14 ದಿನ ಕಳೆದ ಮೇಲೆ ಮಕ್ಕಳ ರಿಯಾಯಿತಿ ತಾನಾಗಿ ಹೋಗಿ ಅದು ದೊಡ್ಡವರ ಕಾರ್ಡಾಗುತ್ತದೆ. ಮುಂದೆ ಹೋಗುವ ನೆಂಟರಿಗೆ ಕೊಡಿ.